ಒಣಗಿದ ರಕ್ತದ ಚುಕ್ಕೆ

ಹಳ್ಳಿಯ ಕ್ಲಿನಿಕ್ಕುಗಳಿಂದ ರಕ್ತದ ಮಾದರಿ ಹೊತ್ತು ತರುವ ಚೋಲ್ವೆ, ಚೋಮಾ ಪಟ್ಟಣದ ಲ್ಯಾಬಿನ ಮುಂದೆ ಬೈಕು ನಿಲ್ಲಿಸಿದ. ರೆಪ್ಪೆಯ ಮೇಲೆ ಕೆಂಧೂಳು. ದಿನವೂ ಅದನ್ನು ಒರೆಸದೇ ಬರುವವನು, ಲ್ಯಾಬಿನಲ್ಲಿ ರಕ್ತ ಪರೀಕ್ಷಿಸುವ ಮುಟಿಂಟಾ ನಗಲೆಂದು. ಇವತ್ತು ಮಾತ್ರ ಅವಳ ಕಣ್ಣು ತಪ್ಪಿಸಿ ಡಬ್ಬವನ್ನು ಕಿಟಕಿಯೊಳಗೆ ತಳ್ಳಿದ.

“ಏನೋ, ಹೊಸ ಮದುಮಗನ ಹಾಗೆ ತಲೆ ತಗ್ಗಿಸಿದೀಯ?”

ಅವನು ಜೇಬಿನಿಂದ ತನ್ನದೇ ವರದಿ ತೆಗೆದು ತೋರಿಸಿದ. ಮಿಲಿಲೀಟರಿಗೆ ಸಾವಿರದ ಇನ್ನೂರು ಎಚ್‌ಐವಿ ವೈರಸ್.

“ನಮ್ಮ ಮದುವೆ ಮಾತು ಇಲ್ಲಿಗೇ ಬಿಡು. ರಕ್ತದಲ್ಲಿ ವೈರಸ್ ಕಾಣದ ದಿನ ನಿಮ್ಮಪ್ಪನ ಹತ್ರ ಹಿರಿಯರನ್ನ ಕಳಿಸ್ತೀನಿ ಅಂದಿದ್ದೆ. ಮಾತ್ರೆ ತಪ್ಪಿಸಿಲ್ಲ, ಆದ್ರೂ ನೋಡು. ಬೇರೆ ಯಾರನ್ನಾದ್ರೂ ನೋಡ್ಕೊ.”

ಅವಳು ವರದಿ ಕಿತ್ತುಕೊಂಡು ಓದಿದಳು. ಮೂಲೆಯಲ್ಲಿ ಬರೆದದ್ದು ಕಂಡಿತು: ಒಣ ಮಾದರಿ.

“ಪೆದ್ದಾ! ಬೆರಳು ಚುಚ್ಚಿ ಕಾರ್ಡಿನ ಮೇಲೆ ಒಣಗಿಸಿದ ರಕ್ತ ಇದು. ಅದರಲ್ಲಿ ಜೀವಕೋಶಗಳೂ ಇರ್ತವೆ. ಅವುಗಳೊಳಗೆ ಮಲಗಿರೋ ವೈರಸ್ಸನ್ನೂ ಯಂತ್ರ ಒಮ್ಮೊಮ್ಮೆ ಎಣಿಸಿಬಿಡುತ್ತೆ. ಹೋಗು, ನರ್ಸ್ ಹತ್ರ ತೋಳಿನ ರಕ್ತ ಕೊಟ್ಟು ಬಾ.”

ತನ್ನವನ ಮಾದರಿಯನ್ನು ತಾನೇ ಪರೀಕ್ಷಿಸಬಾರದೆಂದು ಮುಟಿಂಟಾ ಅವನು ತಂದ ಟ್ಯೂಬನ್ನು ಹಿರಿಯ ಸಹೋದ್ಯೋಗಿ ಹಮೂಂಗಾ ಅಮ್ಮನ ಕೈಗಿತ್ತಳು. ಟ್ಯೂಬು ತಿರುಗುಯಂತ್ರದಲ್ಲಿ ಗಿರಗಿರ ತಿರುಗಿತು. ಕೆಂಪು ತಳಕ್ಕಿಳಿದು, ಮೇಲೆ ಒಣಹುಲ್ಲಿನ ಬಣ್ಣದ ತಿಳಿ ನಿಂತಿತು. ಜೀವಕೋಶಗಳಿಲ್ಲದ ಅಷ್ಟನ್ನೇ ವೈರಸ್ ಎಣಿಸುವ ಯಂತ್ರಕ್ಕೆ ಕೊಟ್ಟರು.

ಮಧ್ಯಾಹ್ನ ಫಲಿತಾಂಶ ಬಂತು. ವೈರಸ್ ಕಾಣಿಸಿರಲಿಲ್ಲ.

ಚೋಲ್ವೆ ಕಿಟಕಿಗೆ ಜೋತುಬಿದ್ದ. “ನಾಳೆನೇ ಚಿಕ್ಕಪ್ಪನ್ನ ಕಳಿಸ್ತೀನಿ! ನಿಮ್ಮಪ್ಪ ಹೆಣ್ಣಿನ ತೆರ ಅಂತ ಎಷ್ಟು ಹಸು ಕೇಳ್ತಾರೋ ಕೇಳ್ಲಿ!”

ಮುಟಿಂಟಾ ನಗಲಿಲ್ಲ. “ಬೆಳಿಗ್ಗೆ ಬಿಟ್ಟೆ, ಈಗ ಬೇಕು ಅಂತೀಯ. ಮುಂದಿನ ವರ್ಷ ನಂಬರು ನಿಜವಾಗ್ಲೂ ಏರಿದ್ರೆ? ಮತ್ತೆ ಬೇರೆಯವನನ್ನ ಹುಡುಕ್ಕೋಬೇಕಾ?”

ಅವನು ಹೆಲ್ಮೆಟ್ಟನ್ನು ಕೈಯಲ್ಲಿ ತಿರುಗಿಸಿದ. “ನಿಂಗೇನಾದ್ರೂ ಆದೀತು ಅಂತ ಹೆದರಿದೆ ಕಣೇ.”

“ಹೆದರು. ನನ್ನ ಪಕ್ಕ ಕೂತು ಹೆದರು. ನಂಗೆ ತಗುಲದ ಹಾಗೆ ನಾನು ನುಂಗೋ ಮಾತ್ರೆನೂ ಇದೆ. ನಿನಗೆ ಯಂತ್ರ ಹೇಳಿದ್ದು ಕೇಳಿಸ್ತು, ನನ್ನನ್ನ ಒಂದು ಮಾತೂ ಕೇಳಲಿಲ್ಲ.”

ಅವನು ಹೆಲ್ಮೆಟ್ಟನ್ನು ಕೆಳಗಿಟ್ಟ. ಕಣ್ಣೆತ್ತಿ ಅವಳನ್ನು ನೇರ ನೋಡಿದ.

“ಏರಿದ್ರೆ ಮೊದಲು ನಿನ್ನ ಹತ್ರಾನೇ ಬರ್ತೀನಿ. ಬಿಟ್ಟು ಹೋಗೋಕಲ್ಲ. ಈಗ ಕೇಳ್ತಿದೀನಿ, ನನ್ನ ಮದುವೆ ಆಗ್ತೀಯಾ?”

“ಬೇಗ ಹೂಂ ಅನ್ನೇ,” ಒಳಗಿಂದ ಹಮೂಂಗಾ ಅಮ್ಮ ಕೂಗಿದಳು, “ಮಾದರಿಗಳು ಬಿಸಿಯಾಗ್ತಿವೆ!”

ಮುಟಿಂಟಾ ಕೈಗವಸು ಕಳಚಿ ಕಿಟಕಿಯಾಚೆ ಕೈ ಚಾಚಿದಳು.

“ಹೂಂ,” ಎಂದಳು, ಇಬ್ಬರಿಗೂ ಕೇಳಿಸುವಂತೆ.