ಅಂಟು ಹಾಕಿದ ಬೊಂಬೆ

"ಯಾರ್ರೀ ನನ್ನ ರಾಣಿ ತಲೆ ಕಿತ್ತಿದ್ದು?"

ಶ್ರೀರಂಗಪಟ್ಟಣದ ಆ ಛತ್ರದಲ್ಲಿದ್ದವರೆಲ್ಲ ತಿರುಗಿ ನೋಡಿದರು.

1995ರ ಡಿಸೆಂಬರ್ ತಿಂಗಳು. ಪ್ಲಾಸ್ಟಿಕ್ ಇಟ್ಟಿಗೆ ಜೋಡಿಸುವ ಆಟವನ್ನು ಮಕ್ಕಳಿಗೆ ಬಿಟ್ಟುಕೊಡಲು ಮನಸ್ಸಿಲ್ಲದ ಹತ್ತು ಹದಿನೈದು ಮಂದಿ ದೊಡ್ಡವರು ಬಳಗ ಕಟ್ಟಿಕೊಂಡು ನಡೆಸಿದ್ದ ಪ್ರದರ್ಶನ ಅದು. ಕೆ.ಆರ್. ಪೇಟೆಯ ಅಕ್ಕಸಾಲಿ ರಾಮಚಂದ್ರಾಚಾರರ ಮಗಳು ಕೀರ್ತನ, ಇಟ್ಟಿಗೆ ಡಬ್ಬಿಯ ಹೆಬ್ಬೆರಳುದ್ದದ ಬೊಂಬೆಗಳಿಗೆ ಬಣ್ಣ ಬಳಿದು, ಅಪ್ಪನ ಚಿಮಟದಲ್ಲಿ ಸರ ಓಲೆ ತೊಡಿಸಿ ತಂದಿದ್ದಳು. ಈಗ ನೋಡಿದರೆ ರಾಣಿಗೆ ತಲೆಯೇ ಇಲ್ಲ!

"ಕಿತ್ತಿಲ್ಲ. ಬಿಚ್ಚಿದೆ," ಎಂದ ಪಕ್ಕದ ಮೇಜಿನವನು, ತಲೆ ಎತ್ತದೆ. "ಕತ್ತು ಸಡ್ಲ ಇತ್ತು. ಒಂದು ಬಳೆ ಕೂರಿಸ್ತಾವ್ನಿ."

"ನಿಮ್ಮನ್ನ ಕೇಳಿದ್ನಾ ನಾನು?"

"ಇಲ್ಲ."

ಅಷ್ಟೇ! ಒಂದು ಕ್ಷಮೆಯ ಮಾತೂ ಇಲ್ಲ. ಅಕ್ಕಿಕಾಳಿಗಿಂತ ಸಣ್ಣ ಮರದ ಬಳೆಯೊಂದನ್ನು ಕತ್ತಿಗೆ ತೊಡಿಸಿ, ತಲೆ ಕೂರಿಸಿ, ರಾಣಿಯನ್ನು ಅವಳ ಕೈಗಿಟ್ಟ. ಕೀರ್ತನ ಹಿಂದೆ ಮುಂದೆ ತಿರುಗಿಸಿ ತಪ್ಪು ಹುಡುಕಿದಳು. ಕೈಗೆ ಬಂದದ್ದನ್ನೆಲ್ಲ ಹಾಗೆ ತಿರುಗಿಸಿ ನೋಡುವುದು ಅವಳ ಹುಟ್ಟುಗುಣ. ಸಿಗಲಿಲ್ಲ. ಅದಕ್ಕೇ ಇನ್ನಷ್ಟು ಸಿಟ್ಟು ಬಂತು.

ಅವನು ಮೌನೇಶ್, ನಾಗಮಂಗಲದ ಬಡಗಿ. ಸಾಕಷ್ಟು ಇಟ್ಟಿಗೆ ಸಿಗದೆ, ಅದೇ ಅಳತೆಗೆ ಮರದಲ್ಲೇ ಕಡೆದುಕೊಂಡು ಹೊಸಹೊಳಲಿನ ಗುಡಿಯ ಮಾದರಿ ಕಟ್ಟಿದ್ದ. ಮಾತಾಡುವ ಕಡೆಯೆಲ್ಲ ಕೆಲಸ ಮಾಡಿ ತೋರಿಸುವ ಜಾತಿಯ ಗಂಡಸು. ಅಂಥವರನ್ನು ಪ್ರೀತಿಸುವುದು ಎಷ್ಟು ಕಷ್ಟವೆಂದು ಕೀರ್ತನಳಿಗೆ ಆಗ ಗೊತ್ತಿರಲಿಲ್ಲ, ಪಾಪ.

ಆಮೇಲೆ ಒಂದು ವರ್ಷ ಇಬ್ಬರ ನಡುವೆ ಬೊಂಬೆ ತುಂಬಿದ ಬೆಂಕಿಪೊಟ್ಟಣ ಓಡಾಡಿತು. ನಾಗಮಂಗಲದ ಬಸ್ಸಿನ ಕಂಡಕ್ಟರ್ ನಿಂಗರಾಜು ತರುತ್ತಿದ್ದ, ಒಯ್ಯುತ್ತಿದ್ದ. ಅವಳು ಸೌದೆ ಹೊರುವ ಅಜ್ಜಿಯ ಬೊಂಬೆ ಕಳಿಸಿದರೆ, ಅಜ್ಜಿ ಕೂರಲು ಜಗಲಿಯೊಂದಿಗೆ ವಾಪಸ್ ಬರುತ್ತಿದ್ದಳು. ಪತ್ರ ಮಾತ್ರ ಒಂದೂ ಇಲ್ಲ.

ಬೊಂಬೆಗಳನ್ನಿಟ್ಟು ಕಥೆ ಕಟ್ಟಿ ಆಡುವ ಆ ಬಳಗಕ್ಕೆ ಒಂದು ಕಟ್ಟಳೆ ಇತ್ತು. ಆಟದಲ್ಲಿರುವ ಬೊಂಬೆಗೆ ಅಂಟು ಹಾಕಬಾರದು. ಕಥೆ ಮುಗಿದ ಬೊಂಬೆಯನ್ನು ಮಾತ್ರ ಇಟ್ಟಿಗೆಗೆ ಅಂಟಿಸಿ ಗಾಜಿನ ಬೀರುವಿಗೆ ಸೇರಿಸುವುದು. ಆ ಕಟ್ಟಳೆ ತಂದವಳೇ ಕೀರ್ತನ. ಅಂಟು ಅಂದರೆ ಉರಿದುಬೀಳುತ್ತಿದ್ದಳು.

ಅಷ್ಟರಲ್ಲಿ ಪಾಂಡವಪುರದಿಂದ ಸಂಬಂಧ ಬಂತು. ಶುಕ್ರವಾರ ಹೆಣ್ಣು ನೋಡುವ ಶಾಸ್ತ್ರ.

ಕೀರ್ತನ ತನ್ನನ್ನೇ ಬೊಂಬೆ ಮಾಡಿದಳು. ಹಳದಿ ಸೀರೆ, ಒಂಟಿ ಜಡೆ. ಮೊದಲ ಬಾರಿಗೆ ಒಂದು ಚೀಟಿಯನ್ನೂ ಇಟ್ಟಳು. 'ಶುಕ್ರವಾರ ನನ್ನ ನೋಡೋಕೆ ಬರ್ತಾವ್ರೆ. ಇವಳಿಗೆ ನಿಮ್ಮ ಕಥೇಲಿ ಜಾಗ ಇದ್ದರೆ ತಿಳಿಸಿ.'

ಬುಧವಾರ ಪೊಟ್ಟಣ ವಾಪಸ್ ಬಂತು. ಅವಸರದಲ್ಲಿ ತೆರೆದಳು.

ಚೀಟಿ ಇಲ್ಲ. ಮರದ ಇಟ್ಟಿಗೆಯ ಮೇಲೆ ಹಳದಿ ಸೀರೆಯವಳು ಒಬ್ಬಳೇ ನಿಂತಿದ್ದಳು. ಎಳೆದಳು. ಬರಲಿಲ್ಲ. ಕಾಲಿಗೆ ಅಂಟು!

'ಕಥೆ ಮುಗೀತು ಅಂತ... ಇಷ್ಟು ಸಲೀಸಾಗಿ?'

ಬೊಂಬೆಯನ್ನು ಅಪ್ಪನ ಕೆಲಸದ ಕೋಣೆಯ ಮೂಲೆಗೆ ಬಿಸಾಕಿ, ಅಡುಗೆಮನೆಗೆ ಹೋಗಿ, "ಅವ್ವಾ, ಬರೋರ್ಗೆ ನನ್ನ ಒಪ್ಪಿಗೆ ಐತೆ ಅಂತ ಅಪ್ಪಂಗೆ ಯೋಳು," ಎಂದಳು.

ಅಕ್ಕಸಾಲಿಯ ಮನೆಯಲ್ಲಿ ಗುಡಿಸಿದ ದೂಳನ್ನು ಯಾರೂ ಹೊರಗೆ ಚೆಲ್ಲುವುದಿಲ್ಲ. ಅದರಲ್ಲಿ ಚಿನ್ನದ ಕಣ ಇದ್ದೀತು. ಶುಕ್ರವಾರ ಬೆಳಗ್ಗೆ ರಾಮಚಂದ್ರಾಚಾರರು ಎಂದಿನಂತೆ ದೂಳು ಜಾಲಿಸಲು ಕೂತಾಗ ಬೊಂಬೆ ಕೈಗೆ ಸಿಕ್ಕಿತು.

"ಕೀರ್ತನ, ಬಾರವ್ವ ಇಲ್ಲಿ. ಇದ್ಯಾಕೆ ಬಿಸಾಕಿದ್ದೀ?"

"ಅದು ಮುಗಿದೋಗೈತೆ, ಅಪ್ಪ."

"ಯಾರವ್ವ ಅಂದೋರು?" ಅವರು ಭೂತಗನ್ನಡಿ ಕಣ್ಣಿಗೊತ್ತಿಕೊಂಡರು. "ಇದು ಅರ್ಧ ಕೆಲ್ಸ. ಪಕ್ಕದಲ್ಲಿ ನೋಡು, ಕಚ್ಚು ತೆಗ್ದವ್ನೆ. ಇದ್ರೊಳಕ್ಕೆ ಕೂರೋ ಇನ್ನರ್ಧ ಎಲ್ಲೋ ಐತೆ."

ಕೀರ್ತನ ಕಸಿದುಕೊಂಡಳು. ಬೆರಳ ತುದಿಯಿಂದ ಸವರಿದಳು. ಹೌದು! ಒಳಗೆ ಅಗಲವಾಗಿ, ಹೊರಗೆ ಕಿರಿದಾಗಿ ಕೊರೆದ ಸಣ್ಣ ಕಚ್ಚು. ಒಮ್ಮೆ ಕೂತರೆ ಎಳೆದರೂ ಬಾರದಂಥದ್ದು. ಎಲ್ಲವನ್ನೂ ತಿರುಗಿಸಿ ನೋಡುವವಳು, ಇದೊಂದನ್ನು ಮಾತ್ರ ಸಿಟ್ಟಿನಲ್ಲಿ ನೋಡಿರಲಿಲ್ಲ.

"ಇನ್ನರ್ಧ ಯಾರತ್ರ ಐತವ್ವ?" ಅಪ್ಪನ ದನಿ ತಗ್ಗಿತು.

"ನಾಗಮಂಗಲದಲ್ಲಿ... ಮೌನೇಶ್ ಅಂತ. ಬಡಗಿ ಕೆಲ್ಸ."

ಗಡಿಯಾರ ಎಂಟೂವರೆ ತೋರಿಸುತ್ತಿತ್ತು. ಗಂಡಿನ ಕಡೆಯವರು ಒಂಬತ್ತಕ್ಕೆ ಪಾಂಡವಪುರ ಬಿಡುವವರು.

"ಬಾಯ್ಬುಟ್ಟು ಯೋಳವ್ನಾ ಅವ್ನು?"

"ಇಲ್ಲ."

"ಒಂದು ಕಚ್ಚು ನಂಬ್ಕಂಡು ಬಂದ ಸಂಬಂಧ ಬುಡಾನಾ? ಅವ್ನು ಇಲ್ಲ ಅಂದ್ಬುಟ್ರೆ?"

ಕೀರ್ತನ ಕಚ್ಚನ್ನು ಮತ್ತೆ ಸವರಿದಳು. 'ಅಂದುಬಿಟ್ಟರೆ? ಇದೂ ಇಲ್ಲ, ಅದೂ ಇಲ್ಲ. ಅಪ್ಪನಿಗೆ ಊರಲ್ಲಿ ತಲೆ ಎತ್ತಲಾಗದು...'

"ಅವರು ಬಾಯಲ್ಲಿ ಯೋಳೋರಲ್ಲ, ಅಪ್ಪ. ಕೈಯಲ್ಲಿ ಯೋಳೋರು."

ರಾಮಚಂದ್ರಾಚಾರರು ಬೊಂಬೆಯನ್ನು ಇನ್ನೊಮ್ಮೆ ನೋಡಿದರು. ನಲವತ್ತು ವರ್ಷ ಕೈಯಲ್ಲೇ ಬದುಕಿದ ಮನುಷ್ಯ.

"ಕೈ ಸುಳ್ಳು ಯೋಳಿಲ್ಲ, ಬುಡು," ಎಂದು ಶರಟು ಹಾಕಿಕೊಂಡರು. "ನಾನು ಎಸ್‌ಟಿಡಿ ಬೂತ್‌ಗೆ ಓಗ್ತೀನಿ. ನೀನು ಬಸ್ಸತ್ತು."

ನಾಗಮಂಗಲದ ದಾರಿ ಅಷ್ಟು ಉದ್ದವೆಂದು ಅವಳಿಗೆ ಎಂದೂ ಅನಿಸಿರಲಿಲ್ಲ. ಬಸ್ಸು ನಿಂತಲ್ಲೆಲ್ಲ ಜೀವ ಹೋಗಿ ಬರುತ್ತಿತ್ತು. 'ಇಷ್ಟೊತ್ತಿಗೆ ಅಪ್ಪ ಫೋನ್ ಮಾಡಿರುತ್ತಾರೆ. ಇನ್ನು ಹಿಂದಕ್ಕೆ ದಾರಿಯಿಲ್ಲ.'

ಮೌನೇಶ್ ಅಂಗಡಿಯಲ್ಲಿ ಒಂದೇ ಹಲಗೆಯನ್ನು ಉಜ್ಜುತ್ತ ನಿಂತಿದ್ದ. ಹಲಗೆ ರೊಟ್ಟಿಯಷ್ಟು ತೆಳ್ಳಗಾಗಿತ್ತು. ಅವಳನ್ನು ಕಂಡು ಕೈ ನಿಂತಿತು.

"ಇವತ್ತು ನಿಮ್ಮನೇಗೆ ನೆಂಟ್ರು ಬರೋ ದಿನ ಅಲ್ವಾ?"

"ಬರಬ್ಯಾಡಿ ಅಂದ್ಬುಟ್ಟೊ." ಬೊಂಬೆಯನ್ನು ಅವನ ಮುಂದಿಟ್ಟಳು. "ನನ್ನ ಕಾಲಿಗೆ ಯಾಕ್ರೀ ಅಂಟು ಹಾಕಿದ್ರಿ?"

ಅವನು ಹಲಗೆ ಪಕ್ಕಕ್ಕಿಟ್ಟ. ಜೇಬಿನಿಂದ ಬೆಂಕಿಪೊಟ್ಟಣ ತೆಗೆದು ತೆರೆದ. ಅರ್ಧ ಇಟ್ಟಿಗೆಯ ಮೇಲೆ ಬಿಳಿ ಶರಟಿನ ಪುಟ್ಟ ಮೌನೇಶ್ ನಿಂತಿದ್ದ. ಎಳೆದು ನೋಡಿದಳು. ಬರಲಿಲ್ಲ!

"ನಂದೂ ಅಂಟಿಸ್ಬುಟ್ಟಿದ್ದೀನಿ," ಎಂದ. "ಬಾಗಿಲ ಚೌಕಟ್ಟು ಮನೆ ಇರೋಗಂಟ ಅಲ್ಲಾಡಬಾರದು ಅಂತ ನಮ್ಮಪ್ಪ ಅಂಟು ಹಾಕೋರು. ಅಂಗೇ ನಾನೂ... ಬಳಗದ ಕಟ್ಟಳೆ ನೆನಪೇ ಬರ್ಲಿಲ್ಲ. ನೀವು ತಿರುಗ್ಸಿ ನೋಡ್ತೀರಿ, ಕಚ್ಚು ಕಾಣ್ತದೆ ಅಂದ್ಕೊಂಡೆ. ಎರಡು ದಿನದಿಂದ ಒಂದೊಂದು ಬಸ್ಸೂ ನೋಡ್ತಾವ್ನಿ, ಕೀರ್ತನ."

"ಒಂದು ಮಾತು ಬರೆಯೋಕೆ ಏನಾಗಿತ್ರೀ ನಿಮ್ಗೆ! ಸತ್ತೋಗಿದ್ದೆ ನಾನು!" ಅಳು ತಡೆಯಲಾಗಲಿಲ್ಲ.

"ತಪ್ಪಾಯ್ತು," ಎಂದ ಮೌನೇಶ್. ವರ್ಷದ ಹಿಂದೆ ಬರಬೇಕಿದ್ದ ಮಾತು ಅದು. "ನೀನಂದ್ರೆ ನಂಗೆ ಇಷ್ಟ, ಕೀರ್ತನ. ಬಾಯಲ್ಲೂ ಯೋಳ್ತಾವ್ನಿ."

ಎರಡು ಅರ್ಧಗಳನ್ನು ಸೇರಿಸಿದ. ಕಚ್ಚು ಕೂದಲೆಳೆಯಷ್ಟೂ ಸಂದಿಲ್ಲದೆ ಕೂತಿತು.

"ಈ ಕಚ್ಚಿಗೆ ಅಂಟು ಹಾಕಿಲ್ವಾ?"

"ಅದು ನಾನೊಬ್ನೇ ಹಾಕೋದಲ್ಲ," ಎಂದು ಅಂಟಿನ ಡಬ್ಬಿಯನ್ನು ಅವಳತ್ತ ಸರಿಸಿದ.

ಬಳಗಕ್ಕೆಲ್ಲ ಅಂಟು ಮುಟ್ಟಬೇಡಿ ಎಂದವಳು ಕಣ್ಣೊರೆಸಿಕೊಂಡು ಕಡ್ಡಿ ಕೈಗೆತ್ತಿಕೊಂಡಳು. ಅರ್ಧಗಳನ್ನು ಪಕ್ಕಕ್ಕೆ ಜಾರಿಸಿ ಬಿಡಿಸಿ, ಒಂದು ಹನಿ ಅಂಟು ಸವರಿ, ಮತ್ತೆ ಕೂರಿಸಿದಳು.

"ಒಣಗೋಗಂಟ ಇಬ್ರೂ ಒತ್ತಿ ಇಡ್ಕೋಬೇಕು," ಎಂದ, ಅವಳ ಬೆರಳ ಮೇಲೆ ಬೆರಳಿಟ್ಟು.

"ಎಷ್ಟೊತ್ತು?"

"ಒಂದು ಗಂಟೆ."

"ಅಷ್ಟೇನಾ?" ಎಂದಳು ಕೀರ್ತನ.