ಎಡಗಡೆಯ ಕಡಲು

ಒಕ್ರೆಯ ಹೆಣವನ್ನು ದಡದ ಕರಿಗಲ್ಲಿನ ಮೇಲೆ ಮಲಗಿಸಿದ್ದರು. ಹಣೆಯಲ್ಲಿ ಗಾಯ. ಅವಳನ್ನು ನೀರಿನಿಂದ ಎಳೆದು ತಂದ ಜೊತೆಗಾತಿ ಚುನ್ಹ್ವಾ ಎದೆ ಬಡಿದುಕೊಂಡು ಅಳುತ್ತಿದ್ದಳು. ಜೇಜು ದ್ವೀಪದ ಆ ಊರಲ್ಲಿ ಉಸಿರು ಕಟ್ಟಿ ಕಡಲಿಗಿಳಿದು ಬಂಡೆಗೆ ಕಚ್ಚಿಕೊಂಡ ಚಿಪ್ಪುಜೀವಿಗಳನ್ನು ಕಿತ್ತು ತರುವವರು ಹೆಂಗಸರೇ. ಇಬ್ಬಿಬ್ಬರಾಗಿಯೇ ಮುಳುಗಬೇಕು, ಒಬ್ಬಳ ಮೇಲೆ ಇನ್ನೊಬ್ಬಳ ಕಣ್ಣಿರಬೇಕು. ಅದಕ್ಕೆ ತಪ್ಪಿದವಳಿಗೆ ಆ ಕಡಲಲ್ಲಿ ಜಾಗವಿಲ್ಲ.

“ದೆಸಿಕ್‌ನ ದೋಣಿ ಬಡೀತು ಕಣಮ್ಮಾ! ನನ್ನ ಎಡಗಡೆಯಿಂದ ನುಗ್ಗಿ ಬಂತು. ನಾನೇ ಕಣ್ಣಾರೆ ಕಂಡೆ!”

ಇನ್ಸ್‌ಪೆಕ್ಟರ್ ಇನ್‌ಸುಕ್ ಹೆಣದ ಪಕ್ಕ ಮಂಡಿಯೂರಿದಳು. ಅವಳ ತಾಯಿಯೂ ಇದೇ ಕಡಲಲ್ಲಿ ಮುಳುಗಿ ಬದುಕಿದವಳು. ಒಕ್ರೆಯ ಬಲ ಮಣಿಕಟ್ಟಿನ ಸುತ್ತ ದಾರ ಕೊರೆದ ಗುರುತಿತ್ತು. ಸೊಂಟದಲ್ಲಿ ಚಿಪ್ಪು ಮೀಟುವ ಕಬ್ಬಿಣ ಇರಲಿಲ್ಲ.

* * *

“ಒಕ್ರೆ ಹತ್ರ ಜಗಳ ಆಡಿದ್ದು ಯಾಕೋ?” ಇನ್‌ಸುಕ್ ಕೇಳಿದಳು.

“ಅವರು ಮುಳುಗೋ ಜಾಗದ ಮೇಲೆ ದೋಣಿ ಓಡಿಸ್ದೆ ಅಂತ ಬೈದ್ಲು. ನಾನೂ ಬೈದೆ. ‘ಮುಳುಗಿ ಸಾಯಿ ಮುದುಕಿ’ ಅಂದ್ಬಿಟ್ಟೆ.” ಲಾಕಪ್ಪಿನಲ್ಲಿ ಮೀನುಗಾರ ದೆಸಿಕ್ ಮುಖ ಮುಚ್ಚಿಕೊಂಡ. “ಬಡವನ ಕೋಪ ದವಡೆಗೆ ಮೂಲ ಆಯ್ತು. ನನ್ನ ಬಾಯಿ ಹೊಲಸು ಮೇಡಂ, ಕೈ ಅಲ್ಲ.”

ದೋಣಿಯಲ್ಲಿ ಒಂದು ಗೀರೂ ಇರಲಿಲ್ಲ. ಆದರೂ ಊರ ಬಾಯಿ ಮುಚ್ಚಿಸುವವರು ಯಾರು? ಅವನ ಬಸುರಿ ಹೆಂಡತಿ ಠಾಣೆಯ ಮೆಟ್ಟಿಲು ಬಿಟ್ಟು ಏಳಲಿಲ್ಲ.

ಮಧ್ಯಾಹ್ನ, ಒಕ್ರೆ ಮುಳುಗಿದ ಜಾಗದ ಗುರುತಾಗಿ ಅವಳ ತೇಲುಬುಂಡೆ ಇನ್ನೂ ಲಂಗರು ಹಾಕಿ ನಿಂತಿದ್ದ ಕಡೆ, ಮುಳುಗುವವರಲ್ಲೆಲ್ಲ ಹಿರಿಯಳಾದ ಕಾಂಗ್ ಅಜ್ಜಿ ಇಳಿದಳು. ಒಕ್ರೆಯ ಕಬ್ಬಿಣ ಹಿಡಿದುಕೊಂಡೇ ಮೇಲೆ ಬಂದಳು.

“ಚಿಪ್ಪಿನಡಿ ಸಿಕ್ಕಿಹಾಕ್ಕೊಂಡಿತ್ತು ಕಣೇ. ದಾರ ನೋಡು, ನಾವು ಪಾಚಿ ಕೊಯ್ಯೋ ಕುಡುಗೋಲಲ್ಲಿ ಕುಯ್ದಿದಾರೆ.”

ಇನ್‌ಸುಕ್ ಕುಯ್ದ ದಾರದ ತುದಿಯನ್ನು ಬೆರಳಲ್ಲಿ ತಿರುಗಿಸಿ ನೋಡಿದಳು. ಇಂಥ ಸತ್ಯ ಸಿಗದಿದ್ದರೇ ಚೆನ್ನಾಗಿತ್ತು.

* * *

ದಡದ ಕಲ್ಲುಗೋಡೆಯ ಮರೆಯಲ್ಲಿ ಹೆಂಗಸರೆಲ್ಲ ಬೆಂಕಿ ಕಾಯಿಸಿಕೊಳ್ಳುತ್ತಿದ್ದರು. ಇನ್‌ಸುಕ್ ಚುನ್ಹ್ವಾಳ ಎಡಕ್ಕೆ ಕೂತು ಸದ್ದಿಲ್ಲದೆ ಸುಟ್ಟ ಗೆಣಸು ಚಾಚಿದಳು. ಚುನ್ಹ್ವಾ ಬೆಂಕಿಯನ್ನೇ ನೋಡುತ್ತಿದ್ದಳು. ಗೆಣಸು ಹಿಡಿದ ಕೈ ಹಾಗೇ ನಿಂತಿತು. ಉಳಿದವರು ಒಬ್ಬೊಬ್ಬರಾಗಿ ಅದನ್ನು ಗಮನಿಸಿದರು.

“ಅಕ್ಕಾ, ಇತ್ತ ನೋಡಿ.”

ಚುನ್ಹ್ವಾ ಬೆಚ್ಚಿ ತಿರುಗಿದಳು. ಎಡಗಣ್ಣಿನ ಪಾಪೆ ಒಂದು ಮೂಲೆಗೆ ಎಳೆದುಕೊಂಡು ಸೊಟ್ಟಗಾಗಿತ್ತು. ಪಾಪೆಯ ಸುತ್ತಲಿನ ಬಣ್ಣದ ಪರದೆಯಲ್ಲಿ ಇನ್ನೊಂದು ಸಣ್ಣ ತೂತು.

“ಒಕ್ರೆ ಸತ್ತಿದ್ದು ದೋಣಿಯಿಂದ ಅಲ್ಲ. ಚಿಪ್ಪು ಕಬ್ಬಿಣವನ್ನ ಕಚ್ಚಿ ಹಿಡೀತು, ಅದರ ದಾರ ಕೈಗೆ ಸುತ್ತಿತ್ತು, ಮೇಲೆ ಬರೋಕಾಗ್ಲಿಲ್ಲ. ಒದ್ದಾಡುವಾಗ ಹಣೆ ಬಂಡೆಗೆ ಬಡೀತು. ದಾರ ಕುಯ್ದು ಹೊರಗೆ ತಂದವರು ನೀವು. ನಿಜ ಹೇಳಿದ್ರೆ ‘ಜೊತೆಗಿದ್ದವಳು ಯಾಕೆ ನೋಡ್ಲಿಲ್ಲ’ ಅಂತ ಕೇಳ್ತಿದ್ರು. ಅದಕ್ಕೇ ದೋಣಿ ಕಥೆ ಕಟ್ಟಿದ್ರಿ. ಎಡಗಡೆಯಿಂದ ದೋಣಿ ಬಂತು ಅಂದ್ರಿ. ಇಷ್ಟು ಹತ್ರದ ಗೆಣಸೇ ಕಾಣ್ಲಿಲ್ವಲ್ಲ ಅಕ್ಕಾ.”

ಚುನ್ಹ್ವಾ ಎಡಗಣ್ಣನ್ನು ಅಂಗೈಯಿಂದ ಮುಚ್ಚಿಕೊಂಡಳು.

“ಕಣ್ಣಿನ ಬಣ್ಣದ ಪರದೆ ಸುಕ್ಕಾಗಿ ಹರೀತಿದೆ, ತೀರಾ ಅಪರೂಪದ ಕಾಯಿಲೆ ಅಂದ್ರು ಡಾಕ್ಟ್ರು. ಅದರ ಜೊತೆಗೇ ಒಂದು ಪೊರೆ ಬೆಳೆದು, ಕಣ್ಣೊಳಗಿನ ನೀರು ಹೋಗೋ ದಾರಿ ಮುಚ್ಚುತ್ತಂತೆ. ಒತ್ತಡ ಏರಿ ನರ ಸತ್ತಿದೆಯಂತೆ. ಗ್ಲಾಕೋಮ. ಕಡಲಿಗೆ ಇಳೀಬೇಡ ಅಂದ್ರು. ಕಡಲು ಬಿಟ್ಟು ನಂಗೇನು ಬರುತ್ತೆ, ಹೇಳಿ?”

ಇನ್‌ಸುಕ್ ಠಾಣೆಗೆ ಫೋನ್ ಮಾಡಿ ದೆಸಿಕ್‌ನನ್ನು ಬಿಡಲು ಹೇಳಿದಳು.

“ಒಕ್ರೆಗೆ ಗೊತ್ತಿತ್ತೇನೇ?” ಕಾಂಗ್ ಅಜ್ಜಿ ಕೇಳಿದಳು.

“ಅವಳೊಬ್ಬಳಿಗೇ ಗೊತ್ತಿದ್ದಿದ್ದು. ಅದಕ್ಕೇ ಯಾವಾಗ್ಲೂ ನನ್ನ ಬಲಗಡೆನೇ ಈಜೋಳು. ಇವತ್ತು ದೊಡ್ಡ ಚಿಪ್ಪು ಕಂಡಿರಬೇಕು, ಹೇಳದೆ ಎಡಕ್ಕೆ ದಾಟಿದ್ಲು. ಮೇಲೆ ಬಂದು ಉಸಿರು ಬಿಡೋ ಸಿಳ್ಳೆ ಕೇಳಿಸ್ಲೇ ಇಲ್ಲ. ಹುಡುಕಿದೆ ಅಜ್ಜಿ. ಮುಳುಗಿ ಮುಳುಗಿ ಹುಡುಕಿದೆ.” ಅವಳ ದನಿ ಒಡೆಯಿತು. “ಬಲಗಡೆನೇ ಹುಡುಕ್ತಾ ಇದ್ದೆ.”