ಮೂಸಿ ನೋಡಿದ ಮದ್ದು

ಅಕ್ಟೋಬರ್ ಏಳನೇ ತಾರೀಖು, ಸೋಮವಾರ, ಬೆಳಿಗ್ಗೆ ಎಂಟು ಗಂಟೆ ಹತ್ತು ನಿಮಿಷ. ಆಗ್ನೆಸ್ ಪೆಲ್ಕಿ ಕೆಟಲ್ ಫೋರ್ಕ್ ಊರಿನ ಶೆರಿಫ್ ಠಾಣೆಯ ಬಾಗಿಲನ್ನು ಭುಜದಿಂದ ತಳ್ಳಿಕೊಂಡು ಒಳಗೆ ಬಂದಳು. ಎರಡು ಕೈಯಲ್ಲೂ ಹಿಡಿದಿದ್ದ ಟವೆಲ್ ಗಂಟನ್ನು ಕೌಂಟರಿನ ಮೇಲೆ ಧಡ್ಡೆಂದು ಹಾಕಿದಳು. ಡೆಪ್ಯುಟಿ ವರ್ಜಿಲ್ ಲುಂಡ್‌ನ ಕಾಫಿ ತುಳುಕಿತು.

“ಏನಿದು, ಮಿಸೆಸ್ ಪೆಲ್ಕಿ?”

“ನನ್ನ ಮಗಳ ರೈಫಲ್. ಸ್ವಲ್ಪ ಭಾಗ. ಉಳಿದದ್ದನ್ನ ಡಾಕ್ಟರು ಅವಳ ಮುಖದಿಂದ ಕೀಳ್ತಾ ಇದಾರೆ.”

ಗಂಟು ಬಿಚ್ಚಿದಾಗ ಕಂಡದ್ದು ಒಣಗಿದ ಅವರೆಕಾಯಿಯಂತೆ ಸೀಳಿ ಬಾಯಿ ಬಿಟ್ಟ ಉಕ್ಕು. ತನಿಖಾಧಿಕಾರಿ ಮಾರ್ತಾ ಬ್ರೂಯರ್ ಒಳಕೋಣೆಯಿಂದ ಬಂದು, ಕೈಗವಸು ಹಾಕಿಕೊಂಡು ಅದನ್ನು ಬೆಳಕಿಗೆ ಹಿಡಿದಳು. ಶನಿವಾರದ ಘಟನೆ ಅವಳಿಗೆ ಗೊತ್ತಿತ್ತು. ಜೂನ್ ಪೆಲ್ಕಿ, ಮೂವತ್ತೊಂದು ವರ್ಷ, ಶಾಲಾ ಬಸ್ಸಿನ ಡ್ರೈವರ್. ಬೇಟೆಗೆ ಹೊಸದಾಗಿ ಇಳಿಯುವವರಿಗೆ ಸುರಕ್ಷತೆಯ ಪಾಠ ಹೇಳುವವಳೂ ಅವಳೇ. ಊರಿನ ಬೇಟೆ ಕ್ಲಬ್ಬಿನ ಗುರಿ ಮೈದಾನದಲ್ಲಿ ಮೊದಲ ಗುಂಡು ಹಾರಿಸಿದಾಗಲೇ ರೈಫಲ್ ಅವಳ ಕೆನ್ನೆಯ ಪಕ್ಕದಲ್ಲಿ ಸಿಡಿದಿತ್ತು. ಎಡಗಣ್ಣು ಹೋಯಿತು. ಎಡಗೈಯ ಎರಡು ಬೆರಳು ಹೋದವು.

“ಅಪಘಾತ ಅಂತ ಬರ್ಕೊಂಡಿದ್ದೀವಿ, ಮಿಸೆಸ್ ಪೆಲ್ಕಿ.”

“ಅದನ್ನ ಹೊಡೆದು ಹಾಕು! ನಿನ್ನೆ ಸಂಜೆ ಕ್ಲಬ್ಬಿನವರು ಗೇಟಿಗೆ ಚೀಟಿ ಅಂಟಿಸಿದಾರೆ. ಜೂನ್ ಎರಡು ಥರ ಮದ್ದನ್ನ ಬೆರೆಸಿಬಿಟ್ಟಳಂತೆ, ಅವಳದೇ ಅಜಾಗರೂಕತೆಯಂತೆ, ಅವಳ ಪಾಠ ನಿಲ್ಲಿಸಿದಾರಂತೆ. ಕಣ್ಣು ಹೋಗಿದ್ದು ಸಾಲದು ಅಂತ ಮಾನಾನೂ ತೆಗೀತಾರಾ? ನನ್ನ ಮಗಳು ತಪ್ಪು ಮಾಡಿದ್ರೆ ನಾನೇ ಆ ಚೀಟಿಗೆ ಸಹಿ ಹಾಕ್ತೀನಿ. ಮಾಡಿಲ್ಲ ಅಂದ್ರೆ ಯಾರು ಮಾಡಿದ್ದು ಅಂತ ಹೇಳು.”

ಮಾರ್ತಾ ಹಳೆಯ ವರದಿಯನ್ನು ಬದಿಗಿಟ್ಟು ಹೊಸ ದೂರು ದಾಖಲಿಸಿಕೊಂಡಳು.

ಹತ್ತು ಗಂಟೆಗೆ ಜೂನ್‌ಳ ಗ್ಯಾರೇಜಿನಲ್ಲಿ ಮಹಜರು ನಡೆಯಿತು. ಕೆಟಲ್ ಫೋರ್ಕಿನಲ್ಲಿ ಹಾರಿಸಿದ ತೋಟಾದ ಹಿತ್ತಾಳೆ ಚಿಪ್ಪನ್ನು ಯಾರೂ ಎಸೆಯುವುದಿಲ್ಲ. ಕಿಡಿ ಕೊಡುವ ಹೊಸ ಕೇಪು, ಮದ್ದು, ಗುಂಡು ಕೂರಿಸಿ ಮನೆಯಲ್ಲೇ ಮತ್ತೆ ತುಂಬುತ್ತಾರೆ. ಜೂನ್‌ಳ ಮೇಜು ಆಪರೇಷನ್ ಕೋಣೆಯಷ್ಟು ಚೊಕ್ಕಟವಾಗಿತ್ತು. ಒಂದು ತಕ್ಕಡಿ, ಒಂದು ಲಾಳಿಕೆ, ಶನಿವಾರಕ್ಕೆಂದು ತುಂಬಿದ ಇಪ್ಪತ್ತರಲ್ಲಿ ಮೈದಾನದಿಂದ ವಾಪಸು ಬಂದ ಹತ್ತೊಂಬತ್ತು ತೋಟಾ, ಮದ್ದಿನ ಒಂದು ಹೊಸ ಬಾಟಲಿ. ಅದರ ಪಕ್ಕದಲ್ಲೇ ಮುಗಿದುಹೋದ ಹಳೆಯ ಬಾಟಲಿ.

“ಖಾಲಿ ಬಾಟ್ಲಿ ಯಾಕೆ ಇಟ್ಕೊಂಡಿದಾಳೆ?” ಎಂದು ಮಾರ್ತಾ ಕೇಳಿದಳು.

“ಬ್ಯಾಚ್ ನಂಬರ್ ಹೋಲಿಸೋಕೆ ಮೇಡಂ. ಬ್ಯಾಚ್ ಬದಲಾದ್ರೆ ಮದ್ದಿನ ಜೋರೂ ಬದಲಾಗುತ್ತೆ. ನಾನೂ ಇಡ್ತೀನಿ,” ಎಂದ ವರ್ಜಿಲ್. ಅವನು ಕಪಾಟುಗಳನ್ನೆಲ್ಲ ತೆಗೆದು ನೋಡಿದ. “ಇವರು ಬೆರೆಸಿದಳು ಅಂತಾರಲ್ಲ, ಏನನ್ನ ಬೆರೆಸಿದಳು? ಮನೇಲಿ ಇರೋದೇ ಒಂದು ಥರದ ಮದ್ದು. ಒಂದೇ ರೈಫಲ್, ಒಂದೇ ಮದ್ದು. ಅಕ್ಕಿ ಡಬ್ಬಿ ಒಂದೇ ಇರೋ ಮನೇಲಿ ಗೋಧಿ ಎಲ್ಲಿಂದ ಬೆರೆಯುತ್ತೆ?”

ಉಳಿದ ತೋಟಾಗಳನ್ನು ಠಾಣೆಯಲ್ಲಿ ಬಿಚ್ಚಿ ತೂಗಿದರು. ಹತ್ತೊಂಬತ್ತರಲ್ಲೂ ಮದ್ದಿನ ತೂಕ ಒಂದೇ, ಪುಸ್ತಕದಲ್ಲಿ ಹೇಳಿದ ಮಿತಿಯೊಳಗೇ ಇತ್ತು. ಆದರೆ ಭೂತಗನ್ನಡಿಯಲ್ಲಿ ಎರಡು ಗಾತ್ರದ ಕಾಳು ಕಂಡವು. ಬಾಟಲಿಯಲ್ಲೂ ಹಾಗೆಯೇ. ನಿಧಾನವಾಗಿ ಉರಿಯಬೇಕಾದ ಮದ್ದಿನೊಳಗೆ ಬೇಗ ಉರಿಯುವ ಮದ್ದು ಸೇರಿತ್ತು. ಒಲೆಗೆ ಸೌದೆಯೆಂದುಕೊಂಡು ಪಟಾಕಿ ಒಟ್ಟಿದಂತೆ. ಮಾದರಿಗಳು ಸೀಲಾಗಿ ರಾಜ್ಯದ ಪ್ರಯೋಗಾಲಯಕ್ಕೆ ಹೋದವು.

ಮಧ್ಯಾಹ್ನ ಮಾರ್ತಾ ಕ್ಲಬ್ಬಿನ ಅಧ್ಯಕ್ಷ ರಸ್ ಹೋಬಾರ್ಟ್‌ನನ್ನು ಗುರಿ ಮೈದಾನದಲ್ಲಿ ಕಂಡಳು.

“ಮದ್ದು ಎಲ್ಲಿಂದ ಬಂತು?”

“ಕೊರಿಯರ್ ಮೂಲಕ. ಇಲ್ಲಿ ಅಂಗಡಿ ಎಲ್ಲಿದೆ? ಅಪಾಯದ ಸರಕು ಅಂತ ಪ್ರತಿ ಪಾರ್ಸೆಲ್ಲಿಗೂ ಬೇರೆ ಶುಲ್ಕ ಹಾಕ್ತಾರೆ. ಅದಕ್ಕೆ ನಾವು ಹನ್ನೊಂದು ಜನ ಸೇರಿ ಒಟ್ಟಿಗೇ ತರಿಸ್ತೀವಿ. ಎಲ್ಡನ್ ಕ್ರೋಲ್ ಮೇಷ್ಟ್ರು ನೋಡ್ಕೋತಾರೆ. ಈ ಸಲ ಮಾತ್ರ ಅಂಗಡಿ ಆರಿಸಿದ್ದು ಜೂನ್. ಮಿಸ್ಸೂರಿಯ ಯಾವುದೋ ಹೊಸ ಅಂಗಡಿ.”

“ಯಾಕೆ?”

“ಮೇಷ್ಟ್ರ ಹಳೇ ಅಂಗಡೀಲಿ ಮದ್ದು ಇರಲಿಲ್ಲ. ಜನವರಿವರೆಗೆ ಕಾಯಿರಿ ಅಂದ್ರು ಮೇಷ್ಟ್ರು. ಎಲ್ಕ್ ಜಿಂಕೆ ಬೇಟೆ ಈ ತಿಂಗಳು, ಮದ್ದು ಜನವರೀಲಿ! ಮದುವೆ ಆದ್ಮೇಲೆ ಉಂಗುರ ಬಂದ ಹಾಗೆ. ವೋಟಿಗೆ ಹಾಕಿದ್ವಿ, ಎಲ್ಲರೂ ಜೂನ್ ಕಡೆ ಕೈ ಎತ್ತಿದ್ರು.”

“ಉಳಿದ ಹತ್ತು ಬಾಟ್ಲಿ ಸಂಜೆಯೊಳಗೆ ಠಾಣೆಗೆ ಬರಬೇಕು. ಯಾರೂ ಒಂದು ಗುಂಡೂ ಹಾರಿಸೋ ಹಾಗಿಲ್ಲ.”

“ಮಾರ್ತಾ, ಬೇಟೆಗೆ ಇನ್ನು ಎರಡು ವಾರಾನೂ ಇಲ್ಲ! ಒಬ್ಬಳ ತಪ್ಪಿಗೆ ಊರಿಗೆಲ್ಲ ಉಪವಾಸಾನಾ?”

“ಅದು ಅವಳ ತಪ್ಪು ಅಂತ ನಿನಗೆ ಹೇಗೆ ಗೊತ್ತು ರಸ್? ಚೀಟಿ ಅಂಟಿಸೋ ಮುಂಚೆ ಯಾರಾದ್ರೂ ಅವಳ ಗ್ಯಾರೇಜಿಗೆ ಹೋಗಿ ನೋಡಿದ್ರಾ?”

ಹೋಬಾರ್ಟ್ ಗೇಟಿನ ಚೀಟಿಯ ಕಡೆ ನೋಡಿದ.

“ಹಾಗಾದ್ರೆ ಬಾಯಿ ಮುಚ್ಕೊಂಡು ಬಾಟ್ಲಿ ತಗೊಂಡು ಬಾ.”

ಹತ್ತೂ ಬಾಟಲಿ ಬಂದವು. ಅವುಗಳ ಮಾದರಿಯೂ ಪ್ರಯೋಗಾಲಯಕ್ಕೆ ಹೋಯಿತು. ಬುಧವಾರ ಪ್ರಯೋಗಾಲಯದ ಉತ್ತರ ಬಂತು: ಹತ್ತರಲ್ಲೂ ದೋಷವಿಲ್ಲ. ಜೂನ್‌ಳದರಲ್ಲಿ ಮಾತ್ರ ಪಿಸ್ತೂಲಿಗೆ ಬಳಸುವ, ಬೇಗ ಉರಿಯುವ ಮದ್ದು ಬೆರೆತಿದೆ. ಹನ್ನೊಂದು ಜನರ ಪೈಕಿ ಆ ಬಗೆಯ ರೈಫಲ್ ಮದ್ದು ತರಿಸಿದ್ದವಳು ಜೂನ್ ಒಬ್ಬಳೇ. ಯಾವ ಬಾಟಲಿ ಅವಳದೆಂದು ಪೆಟ್ಟಿಗೆ ತೆರೆದ ಯಾರಿಗಾದರೂ ಗೊತ್ತಾಗುತ್ತಿತ್ತು.

ಮಾರ್ತಾ ಮಿಸ್ಸೂರಿಯ ಅಂಗಡಿಗೆ ಫೋನ್ ಮಾಡಿದಳು. ಡಾಟಿ ಎಂಬ ಹೆಂಗಸು ಎತ್ತಿಕೊಂಡಳು. ಜೂನ್‌ಳ ಬಾಟಲಿಯಲ್ಲಿ ಬೇರೆ ಮದ್ದು ಬೆರೆತಿದೆಯೆಂದು ಮಾರ್ತಾ ಹೇಳಿದ್ದೇ ತಡ, ಅವಳು ಸಿಡುಕಿದಳು.

“ನಮ್ಮ ಮೇಲೆ ತಪ್ಪು ಹಾಕೋಕೆ ಬಂದ್ರಾ? ಬನ್ನಿ. ಆ ಮದ್ದನ್ನ ನಾವು ತುಂಬೋದಿಲ್ಲ, ಕಾರ್ಖಾನೇಲಿ ತುಂಬಿ ಸೀಲ್ ಹಾಕಿ ಬರುತ್ತೆ. ನಾವು ಪೆಟ್ಟಿಗೆಗೆ ಇಟ್ಟು ಕಳಿಸೋದು ಅಷ್ಟೆ. ಆ ಹುಡುಗೀನ ನನಗೆ ಚೆನ್ನಾಗಿ ನೆನಪಿದೆ. ಆರ್ಡರ್ ಮಾಡೋ ಮುಂಚೆ ಮೂರು ಸಲ ಫೋನ್ ಮಾಡಿ ಪ್ರಾಣ ತಿಂದಳು. ಅಂಗಡಿ ಎಷ್ಟು ವರ್ಷದ್ದು, ಗೋದಾಮು ತಂಪಾಗಿದ್ಯಾ, ತನ್ನ ಹಳೇ ಬ್ಯಾಚೇ ಸಿಗುತ್ತಾ ಅಂತ. ಗೋದಾಮಿನ ಹಿಂದಿಂದ ಹುಡುಕಿಸಿ ಕೊಟ್ಟೆ. ಏನಾಯ್ತು ಅವಳಿಗೆ?”

ಮಾರ್ತಾ ಹೇಳಿದಳು.

“ಮುಚ್ಚಳದ ಕೆಳಗೆ ಸೀಲ್ ಮಾಡಿದ ಬೆಳ್ಳಿ ಹಾಳೆ ಹರಿದಿರಲಿಲ್ಲ ತಾನೇ?” ಎಂದು ಡಾಟಿ ಕೇಳಿದಳು.

ಮಾರ್ತಾ ಮೇಜಿನ ಮೇಲಿದ್ದ ಹತ್ತು ಬಾಟಲಿಗಳ ಕಡೆ ನೋಡಿದಳು. ಎದ್ದು ಒಂದೊಂದೇ ಮುಚ್ಚಳ ತೆಗೆದಳು. ಹತ್ತರಲ್ಲೂ ಬೆಳ್ಳಿ ಹಾಳೆ ಇರಲಿಲ್ಲ. ಮಾದರಿ ತೆಗೆಯುವಾಗಲೂ ಇರಲಿಲ್ಲ ಎಂದ ವರ್ಜಿಲ್. ನಾಲ್ಕು ಬಾಟಲಿಗಳಿಂದ ಮದ್ದನ್ನು ಇನ್ನೂ ಬಳಸಿಯೇ ಇರಲಿಲ್ಲ, ಆದರೂ ಹಾಳೆ ಇರಲಿಲ್ಲ.

“ಎಲ್ಲದರದ್ದೂ ಹರಿದಿದೆ,” ಎಂದಳು.

“ಹರಿದಿರೋ ಬಾಟ್ಲೀನ ಮನೆಗೆ ಒಯ್ದ್ರಾ? ಹನ್ನೊಂದು ಜನಾನೂ? ಎಂಥಾ ಜನಾ ರೀ ನೀವು! ತೆರೆದ ಹಾಲಿನ ಡಬ್ಬೀನೇ ಯಾರೂ ತಗೊಳ್ಳಲ್ಲ, ಇದು ಮದ್ದು!”

ಫೋನ್ ಇಟ್ಟ ಮೇಲೆ ಮಾರ್ತಾ ಆಸ್ಪತ್ರೆಗೆ ಹೊರಟಳು. ಜೂನ್‌ಳ ಅರ್ಧ ಮುಖಕ್ಕೆ ಪಟ್ಟಿ ಇತ್ತು. ಆಗ್ನೆಸ್ ಚಮಚದಲ್ಲಿ ಸೂಪು ಕುಡಿಸುತ್ತಿದ್ದಳು.

“ಜೂನ್, ಬಾಟ್ಲಿಯ ಸೀಲ್ ಒಡೆದಿತ್ತಲ್ಲ. ಯಾಕೆ ತಗೊಂಡೆ?”

“ಸೀಲಾ? ಅದು ಮೇಷ್ಟ್ರು ಒಡೀತಾರೆ ಮಾರ್ತಾ. ಪಾರ್ಸೆಲ್ ಬಂದ ದಿನ ಒಂದೊಂದೇ ತೆಗೆದು ಮೂಸಿ ನೋಡ್ತಾರೆ. ಮದ್ದು ಕೆಟ್ಟಿದ್ರೆ ಹುಳಿ ವಾಸನೆ ಬರುತ್ತೆ. ಆಮೇಲೆ ಮುಚ್ಚಿ, ಮೇಲೆ ಕಾಗದದ ಪಟ್ಟಿ ಅಂಟಿಸಿ ಸಹಿ ಹಾಕ್ತಾರೆ. ಹತ್ತೊಂಬತ್ತು ವರ್ಷದಿಂದ ಹೀಗೇ. ಅವರು ಮೂಸಿಲ್ಲ ಅಂದ್ರೇನೇ ನಮಗೆ ಭಯ.”

“ನೀನು ಒಯ್ದಾಗ ಆ ಪಟ್ಟಿ ಹರಿದಿತ್ತಾ?”

“ಇಲ್ಲ. ನಾನೇ ಬ್ಲೇಡಿನಿಂದ ಕೊಯ್ದೆ.”

“ಹೊಸ ಅಂಗಡಿ ಮದ್ದು. ಮೊದಲು ಕಡಿಮೆ ಹಾಕಿ ನೋಡಬಾರದಿತ್ತಾ?”

ಜೂನ್‌ಳ ಒಂದೇ ಕಣ್ಣಿನಲ್ಲಿ ಸಿಟ್ಟು ಹತ್ತಿಕೊಂಡಿತು. “ಹೊಸ ಬ್ಯಾಚ್ ಆಗಿದ್ರೆ ಕಡಿಮೆಯಿಂದಾನೇ ಶುರು ಮಾಡ್ತಿದ್ದೆ. ಇದು ಹಳೇ ಬ್ಯಾಚೇ. ನಂಬರ್ ನೋಡಿದೀನಿ, ಎರಡೂ ಬಾಟ್ಲಿ ಪಕ್ಕಪಕ್ಕ ಇಟ್ಕೊಂಡು ನೋಡಿದೀನಿ. ಮೇಷ್ಟ್ರ ತೋಟಾ ತುಂಬೋ ಪಾಠದ ಮೊದಲನೇ ದಿನ ನಾನು ಲೇಬಲ್ ಗಟ್ಟಿಯಾಗಿ ಓದದೆ ಮುಚ್ಚಳ ತೆಗೆದೆ ಅಂತ ಅವರ ಶೆಡ್ಡಿಂದ ಆಚೆ ಕಳಿಸಿದ್ರು. ಆಮೇಲೆ ಯಾವತ್ತೂ ಓದದೆ ತೆಗೆದಿಲ್ಲ.”

ಗುರುವಾರ ಬೆಳಿಗ್ಗೆ ಒಂಬತ್ತಕ್ಕೆ ನ್ಯಾಯಾಧೀಶರ ಶೋಧನಾ ಆದೇಶ ಕೈಗೆ ಬಂತು. ಎಲ್ಡನ್ ಕ್ರೋಲ್ ಹೈಸ್ಕೂಲಿನಲ್ಲಿ ರಸಾಯನಶಾಸ್ತ್ರ ಕಲಿಸಿ ನಿವೃತ್ತನಾದವನು. ಮಾರ್ತಾಳಿಗೂ ಕಲಿಸಿದ್ದ. ಮನೆಯ ಹಿಂದಿನ ಶೆಡ್ಡಿನಲ್ಲಿ ಬಾಟಲಿಗಳು ಅಕ್ಷರಮಾಲೆಯ ಕ್ರಮದಲ್ಲಿ ನಿಂತಿದ್ದವು. ಪಿಸ್ತೂಲಿನ ಮದ್ದಿನ ಬಾಟಲಿಯೊಂದು ಅರ್ಧಕ್ಕಿಂತ ಕೆಳಗಿಳಿದಿತ್ತು. ವರ್ಜಿಲ್ ಲಾಳಿಕೆಯ ಕೊರಳಿನಿಂದ ಬ್ರಷ್‌ನಲ್ಲಿ ಎರಡು ಗಾತ್ರದ ಕಾಳು ಉದುರಿಸಿಕೊಂಡು ಲಕೋಟೆಗೆ ಹಾಕಿದ.

“ಲಾಳಿಕೆ ತೊಳೀಲಿಲ್ವಾ ಮೇಷ್ಟ್ರೇ? ನಮಗೆ ಇದಕ್ಕೆ ಮಾರ್ಕ್ಸ್ ಕಳೀತಿದ್ರಿ,” ಎಂದಳು ಮಾರ್ತಾ.

ಕ್ರೋಲ್ ಸ್ಟೂಲಿನ ಮೇಲೆ ನೆಟ್ಟಗೆ ಕೂತಿದ್ದ. “ನಿನ್ನ ಉತ್ತರ ಪತ್ರಿಕೆ ಯಾವಾಗಲೂ ಗಲೀಜು, ಮಾರ್ತಾ. ಈಗಲೂ ಊಹೆ ಮಾಡ್ತಾ ಇದೀಯ.”

“ಊಹೆ ಇಲ್ಲ. ಪಟ್ಟಿ ನಿಮ್ಮದು, ಸಹಿ ನಿಮ್ಮದು. ಅದು ಹರಿಯದೆ ಜೂನ್ ಕೈ ಸೇರಿದೆ. ಬೆರೆಸಿದ್ದು ಪಟ್ಟಿ ಅಂಟಿಸೋ ಮುಂಚೆ. ಆಗ ಬಾಟ್ಲಿ ಇದ್ದದ್ದು ಈ ಮೇಜಿನ ಮೇಲೆ.”

“ಆ ದರಿದ್ರ ಅಂಗಡಿಯವರು ಬೆರೆಸಿರಬಹುದು.”

“ಅವರು ಬೆರೆಸಿದ್ದು ನಿಮ್ಮ ಲಾಳಿಕೆಗೆ ಹೇಗೆ ಬಂತು?”

ಕ್ರೋಲ್‌ನ ಕುತ್ತಿಗೆ ಕೆಂಪಾಯಿತು.

“ಅಂಗಡಿ ಆರಿಸೋದು ಅಂದ್ರೆ ಏನು ಗೊತ್ತಾ ನಿಮಗೆ?” ಅವನ ಧ್ವನಿ ಏರಿತು. “ಹತ್ತೊಂಬತ್ತು ವರ್ಷ! ಮೊದಲು ಫೋನ್ ಮಾಡಿ ಮಾತಾಡಿಸೋದು, ಒಂದೇ ಒಂದು ಡಬ್ಬಿ ಕೇಪು ತರಿಸಿ ಪ್ಯಾಕಿಂಗ್ ನೋಡೋದು, ತೂಗೋದು, ಮೂಸೋದು. ಒಂದು ಅಪಘಾತ ಆಗಿತ್ತಾ? ಆ ಬಸ್ ಡ್ರೈವರ್ ಬಂದು ಫೋನಿನಲ್ಲಿ ಚಿತ್ರ ತೋರಿಸಿದಳು, ‘ಇಲ್ಲಿ ಸ್ಟಾಕ್ ಇದೆ’ ಅಂದಳು, ಎಲ್ಲರೂ ಕುರಿಗಳ ಥರ ಕೈ ಎತ್ತಿದ್ರು. ರಸ್ ನಕ್ಕ. ‘ಮೇಷ್ಟ್ರೇ, ನೀವು ಮೂಸಿ ಕೊಡಿ ಸಾಕು’ ಅಂದ. ನಾನೇನು ನಾಯಿನಾ?”

ವರ್ಜಿಲ್ ಲಕೋಟೆಗೆ ಸೀಲು ಹಾಕಿದ.

“ರೈಫಲ್ ಸಿಡಿಯೋದು ನನಗೆ ಬೇಕಿರಲಿಲ್ಲ. ಅಳತೆ ಮಾಡಿಯೇ ಹಾಕಿದ್ದೆ. ಹೊಸ ಮದ್ದಿಗೆ ಕಡಿಮೆಯಿಂದ ಶುರು ಮಾಡಬೇಕು, ನಾನೇ ಹೇಳಿಕೊಟ್ಟಿದ್ದು. ಹಾಗೆ ಮಾಡಿದ್ರೆ ರೈಫಲ್ಲಿನ ಬೋಲ್ಟ್ ಬಿಗಿಯಾಗ್ತಿತ್ತು, ಕೇಪು ಚಪ್ಪಟೆಯಾಗ್ತಿತ್ತು, ಒತ್ತಡ ಜಾಸ್ತಿ ಅಂತ ಅವಳು ಹೆದರಿ ನಿಲ್ಲಿಸ್ತಿದ್ದಳು. ಎಲ್ಲರೂ ಆ ಅಂಗಡಿಗೆ ಉಗೀತಿದ್ರು. ಅಷ್ಟೇ. ಅವಳು ನಿಯಮ ಮುರಿದು ಒಂದೇ ಸಲಕ್ಕೆ ಪೂರ್ತಿ ಹಾಕಿದಳು. ಸೋಮಾರಿ! ಚೀಟೀಲಿ ಬರೆದದ್ದು ಸುಳ್ಳಲ್ಲ. ಅಜಾಗರೂಕತೆ ಅವಳದ್ದೇ.”

“ಆ ಚೀಟಿ ಬರೆದದ್ದೂ ನೀವಾ?”

“ರಸ್‌ಗೆ ನಾಲ್ಕು ಸಾಲು ನೆಟ್ಟಗೆ ಬರೆಯೋಕೆ ಬರುತ್ತಾ?”

ಮಾರ್ತಾ ಚೀಲದಿಂದ ಪ್ಲಾಸ್ಟಿಕ್ ಹೊದಿಕೆಯಲ್ಲಿದ್ದ ಎರಡು ಬಾಟಲಿಗಳನ್ನು ತೆಗೆದು, ಖಾಲಿಯದನ್ನೂ ಹೊಸದನ್ನೂ ಅವನ ಮುಂದೆ ಪಕ್ಕಪಕ್ಕದಲ್ಲಿ ಇಟ್ಟಳು.

“ಲೇಬಲ್ ಓದಿ ಮೇಷ್ಟ್ರೇ. ಗಟ್ಟಿಯಾಗಿ.”

ಕ್ರೋಲ್ ಕನ್ನಡಕ ಸರಿಮಾಡಿಕೊಂಡ. ಮೊದಲನೆಯ ಬ್ಯಾಚ್ ನಂಬರ್ ಓದಿದ. ಎರಡನೆಯದನ್ನು ಅರ್ಧ ಓದಿ ನಿಲ್ಲಿಸಿದ.

“ಹೊಸ ಅಂಗಡಿ, ಹಳೇ ಬ್ಯಾಚ್,” ಎಂದಳು ಮಾರ್ತಾ. “ಮೂರು ಸಲ ಫೋನ್ ಮಾಡಿ, ಬೇಡಿ ತರಿಸ್ಕೊಂಡಿದಾಳೆ. ಗೋದಾಮು ತಂಪಾಗಿದ್ಯಾ ಅಂತಾನೂ ಕೇಳಿದಾಳೆ. ಅಂಗಡಿ ಆರಿಸೋದು ಹೇಗೆ ಅಂತ ಅವಳಿಗೆ ಯಾರು ಕಲಿಸಿದ್ದು? ಅವಳು ಯಾವ ನಿಯಮಾನೂ ಮುರೀಲಿಲ್ಲ. ಬ್ಯಾಚ್ ಒಂದೇ ಆಗಿದ್ರೆ ಹಳೇ ಅಳತೇನೇ ಸಾಕು, ಅದೂ ನಿಮ್ಮದೇ ಪಾಠ.”

ಕ್ರೋಲ್ ಬಾಟಲಿಯನ್ನು ತಿರುಗಿಸಿದ. ಮತ್ತೆ ತಿರುಗಿಸಿದ. ಇನ್ನೆಲ್ಲೋ ಬೇರೆ ನಂಬರ್ ಇರಬಹುದೆಂಬಂತೆ ಅದರ ತಳವನ್ನೂ ನೋಡಿದ.

“ಉಳಿದ ಹತ್ತೂ ಹೊಸ ಬ್ಯಾಚ್ ಇತ್ತು,” ಎಂದ ಸಣ್ಣ ದನಿಯಲ್ಲಿ. “ಇದೂ ಹಾಗೇ ಅಂದ್ಕೊಂಡೆ. ಆವತ್ತು ನಾನು… ನೋಡಲಿಲ್ಲ.”

ಹನ್ನೊಂದು ಗಂಟೆ ಇಪ್ಪತ್ತು ನಿಮಿಷಕ್ಕೆ ಅವನನ್ನು ಬಂಧಿಸಲಾಯಿತು. ಕಾರಿಗೆ ಹತ್ತುವಾಗ ಶೆಡ್ಡಿನ ಬೀಗ ಸರಿಯಾಗಿ ಹಾಕಿದೆಯೇ ಎಂದು ವರ್ಜಿಲ್‌ನನ್ನು ಎರಡು ಸಲ ಕೇಳಿದ. ಹೇಳಿಕೆಗೆ ಸಹಿ ಹಾಕುವಾಗ ಹಣದ ಮಾತಾಗಲಿ ಜೂನ್‌ಳ ಮೇಲಿನ ಹಳೆಯ ದ್ವೇಷವಾಗಲಿ ಬರಲಿಲ್ಲ. ವೋಟು ಹಾಕಿದ ಆ ಸಂಜೆ ಎಷ್ಟು ಕೈ ಮೇಲೆದ್ದವು, ಯಾರ ಕೈ ಮೊದಲು ಎದ್ದಿತು, ಯಾರು ನಕ್ಕರು ಎಂಬುದನ್ನಷ್ಟೇ ವಿವರವಾಗಿ ಹೇಳಿದ. ತಾನು ಹೇಳಿದ್ದೇ ಸರಿಯಾಗಿತ್ತೆಂದು ಒಂದು ಸಲ ಎಲ್ಲರ ಬಾಯಿಂದ ಕೇಳಬೇಕಾಗಿತ್ತು ಅವನಿಗೆ.

ಗೇಟಿನ ಚೀಟಿಯನ್ನು ತೆಗೆಯಲು ಹೋಬಾರ್ಟ್ ಬರುವಷ್ಟರಲ್ಲಿ ಆಗ್ನೆಸ್ ಅದನ್ನು ಕಿತ್ತಾಗಿತ್ತು. ಅವನು ಕ್ಷಮೆ ಕೇಳಲು ಬಾಯಿ ತೆರೆದ. “ನನಗೆ ಬೇಡ. ಅಷ್ಟೇ ದೊಡ್ಡ ಅಕ್ಷರದಲ್ಲಿ ಬರೆದು ಇಲ್ಲೇ ಅಂಟಿಸು,” ಎಂದು ಹೇಳಿ ಅವಳು ಕಾರು ಹತ್ತಿದಳು.

ಸಂಜೆ ಮಾರ್ತಾ ಆಸ್ಪತ್ರೆಗೆ ಹೋಗಿ ಜೂನ್‌ಗೆ ಎಲ್ಲವನ್ನೂ ಹೇಳಿದಳು. ಜೂನ್ ಕಿಟಕಿಯ ಕಡೆ ಮುಖ ಮಾಡಿಕೊಂಡು ಕೇಳಿದಳು. ಕೊನೆಗೆ ಒಂದೇ ಪ್ರಶ್ನೆ ಕೇಳಿದಳು.

“ಮೇಷ್ಟ್ರು ಲೇಬಲ್ ಓದಲೇ ಇಲ್ವಾ?”

“ಇಲ್ಲ.”

“ನನ್ನನ್ನಾಗಿದ್ರೆ ಶೆಡ್ಡಿಂದ ಆಚೆ ಕಳಿಸ್ತಿದ್ರು,” ಎಂದಳು ಜೂನ್.